‘ಹೊಳೆ’ ಎಂದು ಹುಡುಕಿದರೆ

ನನ್ನ ಫೋನಿನಲ್ಲಿ ಯಾರ ಹೆಸರನ್ನೂ ನಾನು ಪೂರ್ತಿ ಬರೆದು ಹುಡುಕುವುದಿಲ್ಲ. ತಂಗಿ ಸುಜಾತಳಿಗೆ ಕರೆ ಮಾಡಬೇಕಾದರೆ ‘ಸುಜ’ ಎಂದು ಬರೆದು ಕಾಯುತ್ತೇನೆ. ಗ್ಯಾಸ್ ತರುವವನನ್ನು ‘ಗ್ಯಾ’ದಲ್ಲೇ ಹಿಡಿದುಬಿಡುತ್ತೇನೆ. ಈ ಅಭ್ಯಾಸ ಈಗ ಬಾಯಿಗೂ ಬಂದಿದೆ. “ಆ ಕೆಂಪು ಎಲ್ಲುಂಟು?” ಎಂದು ಕೇಳಿ ಸುಮ್ಮನೆ ನಿಲ್ಲುತ್ತೇನೆ. ಬ್ಯಾಂಕಿನಿಂದ ನಿವೃತ್ತರಾಗಿ ಮನೆಯಲ್ಲಿರುವ ನನ್ನ ಗಂಡ ಪೇಪರಿನಿಂದ ತಲೆಯೆತ್ತಿ, “ಕೆಂಪು ಎಂತ? ಕೆಂಪು ಕೊಡೆಯಾ, ಕೆಂಪು ಚೀಲವಾ, ಕೆಂಪು ಮೆಣಸಾ? ವಾಕ್ಯ ಮುಗಿಸು ಮಾರಾಯ್ತಿ,” ಎನ್ನುತ್ತಾರೆ. “ನೀವು ಇದ್ದದ್ದನ್ನೆಲ್ಲ ಹೇಳಿ, ನಾನು ಆರಿಸಿಕೊಳ್ಳುತ್ತೇನೆ,” ಎನ್ನುತ್ತೇನೆ ನಾನು.

ಕಾಸರಗೋಡಿನ ಒಂದು ಕಾಲೇಜಿನ ಲೈಬ್ರರಿಯಲ್ಲಿ ಆಯುಷ್ಯದ ಬಹುಪಾಲು ಕಳೆದವಳಿಗೆ ಅಂಟಿದ ಕಾಯಿಲೆ ಇದು. ಪ್ರತಿ ವರ್ಷ ಹೊಸ ಮಕ್ಕಳು ಬಂದಾಗ ಕ್ಯಾಟಲಾಗಿನಲ್ಲಿ ಪುಸ್ತಕ ಹುಡುಕುವುದು ಹೇಗೆಂದು ಹೇಳಿಕೊಡುವ ಒಂದು ಗಂಟೆ ನನ್ನ ಪಾಲಿಗೆ ಬರುತ್ತಿತ್ತು. ನಾನು ಬಹಳ ಉತ್ಸಾಹದಿಂದ ಹೇಳುತ್ತಿದ್ದೆ. ಕಂಪ್ಯೂಟರಿಗೆ ಹೆಚ್ಚು ಹೇಳಲು ಹೋಗಬೇಡಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ ಎಂದು ಎಲ್ಲ ಖಾನೆಗಳನ್ನೂ ತುಂಬಿದರೆ ಒಂದು ಅಕ್ಷರ ಆಚೀಚೆಯಾದರೂ ಅದು ‘ಇಲ್ಲ’ ಎಂದು ಕೈ ತೊಳೆದುಕೊಳ್ಳುತ್ತದೆ. ಒಂದೇ ಪದ ಹಾಕಿ. ಅದನ್ನೂ ಪೂರ್ತಿ ಹಾಕಬೇಡಿ, ನಿಮಗೆ ಖಾತ್ರಿಯಿರುವಷ್ಟು ಬರೆದು ಮುಂದೆ ಒಂದು ನಕ್ಷತ್ರದ ಗುರುತು ಇಡಿ; ಉಳಿದದ್ದನ್ನು ಅದೇ ಊಹಿಸಿಕೊಳ್ಳುತ್ತದೆ. ಬಂದದ್ದು ತುಂಬ ಹೆಚ್ಚಾದರೆ ಆಮೇಲೆ ಇನ್ನೊಂದು ಪದ ಸೇರಿಸಿ ಕಡಿಮೆ ಮಾಡಿ. ಕಪಾಟಿನ ಹತ್ತಿರ ಹೋದ ಮೇಲೆ ನಿಮ್ಮ ಪುಸ್ತಕದ ಎಡಬಲದಲ್ಲಿ ಯಾರು ಕೂತಿದ್ದಾರೆಂದು ನೋಡದೆ ಬರಬೇಡಿ. ಮಕ್ಕಳು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದರು. ಗಂಟೆ ಬಾರಿಸಿದ ಕೂಡಲೇ ನೇರ ನನ್ನ ಮೇಜಿನ ಹತ್ತಿರ ಬಂದು, “ಟೀಚರ್, ಎಕನಾಮಿಕ್ಸ್ ಎಲ್ಲಿ?” ಎಂದು ಕೇಳುತ್ತಿದ್ದರು.

ಆದರೆ ನಮ್ಮ ಕ್ಯಾಟಲಾಗಿನಲ್ಲಿ ಕನ್ನಡ ಪುಸ್ತಕ ಹುಡುಕಲು ಈ ಯಾವ ವಿದ್ಯೆಯೂ ಸಾಲುತ್ತಿರಲಿಲ್ಲ. ಅದಕ್ಕೆ ಸಿಂಧುವಿನ ಕಿವಿ ಬೇಕಾಗಿತ್ತು.

ಈ ಶತಮಾನದ ಮೊದಲ ವರ್ಷಗಳಲ್ಲಿ ನಮ್ಮ ಪುಸ್ತಕಗಳು ಕಂಪ್ಯೂಟರಿಗೆ ಏರಿದವು. ಆಗ ನಮಗೆ ಕೊಟ್ಟ ಸಾಫ್ಟ್‌ವೇರಿಗೆ ಕನ್ನಡವೂ ಬರುತ್ತಿರಲಿಲ್ಲ, ಮಲಯಾಳವೂ ಬರುತ್ತಿರಲಿಲ್ಲ. ಎಲ್ಲವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು. ಟೈಪು ಮಾಡಲು ತಾತ್ಕಾಲಿಕವಾಗಿ ಬಂದವಳು ಸಿಂಧು, ಆಲಪ್ಪುಳದ ಹುಡುಗಿ. ಕನ್ನಡದ ಒಂದಕ್ಷರ ಗೊತ್ತಿಲ್ಲ. ನಾನು ಪುಸ್ತಕ ಕೈಗೆತ್ತಿಕೊಂಡು ಹೆಸರನ್ನು ಗಟ್ಟಿಯಾಗಿ ಓದುವುದು, ಅವಳು ತನ್ನ ಕಿವಿಗೆ ಬಿದ್ದಂತೆ ಟೈಪು ಮಾಡುವುದು. ಪದದ ಕೊನೆಯ ಉಕಾರ ಅವಳ ಮಲಯಾಳದ ಕಿವಿಗೆ ಅರ್ಧವೇ ಕೇಳುತ್ತಿತ್ತು. ಹಾಗಾಗಿ ‘ಬೆಳಕು’ ‘ಬೆಳಕ್’ ಆಯಿತು, ‘ಕಾಡು’ ‘ಕಾಡ್’ ಆಯಿತು. ‘ತ’ ಬಂದಲ್ಲೆಲ್ಲ ಒಂದು ‘ಎಚ್’ ಸೇರಿತು. ತಿದ್ದೋಣವೆಂದರೆ ಪುಸ್ತಕಗಳು ರಾಶಿ ರಾಶಿ. ವರ್ಷಾಂತ್ಯದೊಳಗೆ ಮುಗಿಯಬೇಕೆಂದು ಆಫೀಸಿನ ಒತ್ತಾಯ.

ಪುಸ್ತಕಗಳ ಹೆಸರಿನಿಂದಲೇ ಅವಳು ಕನ್ನಡ ಕಲಿತಳು. ಆದ್ದರಿಂದ ಅವಳ ಕನ್ನಡವೂ ಮುಖಪುಟದಂತೆಯೇ ಇರುತ್ತಿತ್ತು. ಮಧ್ಯಾಹ್ನವಾದರೆ, “ಚೇಚಿ, ಹಸಿವು ಮತ್ತು ಇತರ ಕತೆಗಳು,” ಎನ್ನುತ್ತಿದ್ದಳು. ಸಂಜೆ ಊರಿನ ನೆನಪಾದರೆ, “ವಿರಹ: ಒಂದು ಅಧ್ಯಯನ.” ನಾನು ಅಕ್ಕ ಎಂದು ಕರೆ ಎಂದರೂ ಚೇಚಿ ಎಂದೇ ಕರೆದಳು. ಕೊನೆಗೆ ಅವಳಿಗೆ ಸರಕಾರಿ ಕೆಲಸ ಸಿಕ್ಕಿ ತನ್ನ ಊರಿಗೆ ಹೊರಟಾಗ ಇಬ್ಬರೂ ಹೊಸ ಪುಸ್ತಕಗಳ ಕಟ್ಟಿನ ಮೇಲೆ ಕೂತು ಅತ್ತೆವು. ಅವಳು ಹೋದ ಮೇಲೆ ಯಾರಾದರೂ ಬಂದು, “ಮೇಡಂ, ಈ ಪುಸ್ತಕ ಇಲ್ಲ ಅಂತ ತೋರಿಸ್ತದೆ,” ಎಂದರೆ ನಾನು ಕಣ್ಣು ಮುಚ್ಚಿ, ಇದು ಸಿಂಧುವಿಗೆ ಹೇಗೆ ಕೇಳಿಸಿದ್ದೀತು ಎಂದು ಯೋಚಿಸುತ್ತಿದ್ದೆ. ಕೊನೆಯ ಒಂದೆರಡು ಅಕ್ಷರ ಕತ್ತರಿಸಿ ನಕ್ಷತ್ರ ಇಡುತ್ತಿದ್ದೆ. ಪುಸ್ತಕ ಬರುತ್ತಿತ್ತು.

ಇದೆಲ್ಲ ಆಗಿ ಎಷ್ಟೋ ವರ್ಷಗಳ ಮೇಲೆ ಒಂದು ಶನಿವಾರ ಲೀಲಕ್ಕ ಲೈಬ್ರರಿಗೆ ಬಂದಳು.

ಲೀಲಕ್ಕ ಶಿರಿಯದಲ್ಲಿ ನನ್ನ ತವರುಮನೆಯ ಪಕ್ಕದ ಮನೆಯವಳು. ನನಗಿಂತ ಎಂಟೊಂಬತ್ತು ವರ್ಷ ದೊಡ್ಡವಳು. ನಾವು ಹುಟ್ಟಿದಂದಿನಿಂದ ತುಳುವಿನಲ್ಲಿ ಮಾತಾಡಿಕೊಂಡವರು. ಆದರೆ ಆ ದಿನ ಲೈಬ್ರರಿ ಎಂದರೆ ಆಫೀಸು ಎಂದು ತಿಳಿದೋ ಏನೋ, ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿಕೊಂಡು, ಕನ್ನಡದಲ್ಲೇ ಶುರುಮಾಡಿದಳು.

“ವನಜಾ, ಎಂತ ಇದು, ಯಾರೂ ಮಾತಾಡುವುದಿಲ್ಲ? ನಾನು ಆಸ್ಪತ್ರೆಗೆ ಬಂದೆನಾ ಅಂತ ಗ್ರಹಿಸಿದೆ.”

ಕೈಯಲ್ಲಿದ್ದ ಬಟ್ಟೆಯ ಚೀಲವನ್ನು ನನ್ನ ಮೇಜಿನ ಮೇಲಿಟ್ಟಳು. ಒಣಮೀನು. ಹಳೆಯ ಪುಸ್ತಕಗಳ ವಾಸನೆಯನ್ನು ಅದು ಕ್ಷಣಮಾತ್ರದಲ್ಲಿ ಸೋಲಿಸಿತು. ಓದುತ್ತಿದ್ದ ಇಬ್ಬರು ಹುಡುಗಿಯರು ಮುಖ ಮುಖ ನೋಡಿಕೊಂಡರು. ನಾನು ಚೀಲವನ್ನು ಕಿಟಕಿಯ ಹೊರಗಿನ ಕಟ್ಟೆಯ ಮೇಲಿಟ್ಟು ಬಂದೆ.

“ನಾನು ಪಾಸಾದೆ,” ಎಂದಳು ಲೀಲಕ್ಕ.

ಶಾಲೆಗೆ ಹೋಗಲು ಆಗದೆ ಉಳಿದ ದೊಡ್ಡವರಿಗಾಗಿ ಪಂಚಾಯತಿನ ಕಟ್ಟಡದಲ್ಲಿ ಆದಿತ್ಯವಾರಗಳಲ್ಲಿ ಒಂದು ತರಗತಿ ನಡೆಯುತ್ತಿತ್ತು. ತುಲ್ಯತಾ ತರಗತಿ ಎನ್ನುತ್ತಾರೆ. ಪರೀಕ್ಷೆ ಬರೆದರೆ ನಾಲ್ಕನೆಯ ತರಗತಿ ಮುಗಿಸಿದವರಿಗೆ ಸಮ. ಐವತ್ತು ದಾಟಿದ ಮೇಲೆ ಲೀಲಕ್ಕ ಅದಕ್ಕೆ ಹೆಸರು ಕೊಟ್ಟ ಸುದ್ದಿಯನ್ನು ಅಮ್ಮ ಫೋನಿನಲ್ಲಿ ಹೇಳಿದ್ದಳು. ನಾನು ನಕ್ಕು ಮರೆತಿದ್ದೆ.

“ಈಗ ಒಂದು ಪುಸ್ತಕ ಬೇಕು,” ಎಂದಳು.

“ಯಾವುದಾದರೂ ತೆಗೆದುಕೋ ಲೀಲಕ್ಕಾ. ನನ್ನ ಕಾರ್ಡಿನಲ್ಲಿ ಕೊಡ್ತೇನೆ. ಮಕ್ಕಳ ಕತೆ ಉಂಟು, ದೊಡ್ಡ ಅಕ್ಷರದ್ದು.”

“ಮಕ್ಕಳ ಕತೆ ಎಂತಕೆ ನನಗೆ? ಆ ಪುಸ್ತಕ ಬೇಕು. ನೀನು ಓದಿ ಅರ್ಧಕ್ಕೆ ನಿಲ್ಲಿಸಿದ್ದು. ಟೀಚರನ್ನು ಹೊಳೆಯ ಬದಿಯಲ್ಲಿ ನಿಲ್ಲಿಸಿ ಬಿಟ್ಟುಬಂದದ್ದು.”

ಅಷ್ಟು ಸಾಕಾಯಿತು. ನನಗೆ ನಮ್ಮ ಮನೆಯ ಜಗಲಿ ನೆನಪಾಯಿತು.

ನಾನು ಎಂಟನೆಯ ತರಗತಿಯಲ್ಲಿದ್ದ ಕಾಲ. ಅಮ್ಮ, ಲೀಲಕ್ಕ ಮತ್ತು ಆಚೀಚೆಯ ಮನೆಯ ಹೆಂಗಸರು ನಮ್ಮ ಜಗಲಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಹೊಗೆಸೊಪ್ಪಿನ ಪುಡಿ, ಪಕ್ಕದಲ್ಲಿ ಒದ್ದೆ ಬಟ್ಟೆ ಸುತ್ತಿದ ಎಲೆ. ಕೈಗಳಿಗೆ ಬಿಡುವಿಲ್ಲ, ಕಿವಿಗಳು ಮಾತ್ರ ಖಾಲಿ. ಆ ಕಿವಿಗಳಿಗೆ ಕತೆ ಓದಿ ಹೇಳುವ ಕೆಲಸ ನನ್ನದು. ಕೂಲಿಯೆಂದರೆ ಎಲೆ ಕತ್ತರಿಸುವ ಕೆಲಸದಿಂದ ವಿನಾಯಿತಿ. ನಾನು ಬಹಳ ಮೋಸದ ಓದುಗಾರ್ತಿ. ಕಾಡು, ಬೆಟ್ಟ, ಸೂರ್ಯಾಸ್ತ ಬಂದರೆ ಹಾರಿಸಿ ಜಗಳಕ್ಕೆ ಹೋಗುತ್ತಿದ್ದೆ. ಕಷ್ಟದ ಕನ್ನಡ ಪದ ಬಂದರೆ ತುಳುವಿನಲ್ಲಿ ಹೇಳುತ್ತಿದ್ದೆ. ನನಗೇ ಗೊತ್ತಿಲ್ಲದಿದ್ದರೆ ಕೆಮ್ಮುತ್ತಿದ್ದೆ. ಪುಸ್ತಕಗಳು ಬಂದ್ಯೋಡಿನ ಒಂದು ಸಣ್ಣ ವಾಚನಾಲಯದ್ದು. ಅದನ್ನು ನೋಡಿಕೊಳ್ಳುತ್ತಿದ್ದ ಮುದುಕರು ಎಲ್ಲ ಪುಸ್ತಕಕ್ಕೂ ಪತ್ರಿಕೆಯ ಕಾಗದದ ಹೊದಿಕೆ ಹಾಕಿ ಅಂಟಿಸಿಬಿಡುತ್ತಿದ್ದರು. ಹೆಸರು ನೋಡಬೇಕಾದರೆ ಒಳಗಿನ ಪುಟ ತೆರೆಯಬೇಕು. ಅಷ್ಟು ತಾಳ್ಮೆ ಯಾರಿಗಿತ್ತು? ನಮಗೆ ಅದು ‘ಕಳ್ಳನ ಕತೆ’, ಇದು ‘ಹೊಳೆಯ ಕತೆ’.

ಹೊಳೆಯ ಕತೆಯಲ್ಲಿ ಸರೋಜಿನಿ ಎಂಬ ಹುಡುಗಿಗೆ ಹೊಳೆಯಾಚೆಯ ಊರಿನ ಶಾಲೆಯಲ್ಲಿ ಕೆಲಸ ಸಿಗುತ್ತದೆ. ಅವಳನ್ನು ಮದುವೆಯಾಗಲಿರುವವನಿಗೆ ಹೆಂಡತಿ ಕೆಲಸಕ್ಕೆ ಹೋಗುವುದು ಇಷ್ಟವಿಲ್ಲ. ಒಂದು ಸಲ ಸಿಟ್ಟಿನಲ್ಲಿ ಅವಳ ಮೇಲೆ ಕೈಯೆತ್ತಿಯೂ ಇದ್ದಾನೆ. ಅವಳು ಒಂದು ಬೆಳಗ್ಗೆ ಟ್ರಂಕು ಹಿಡಿದುಕೊಂಡು ಹೊರಟು, ಬಸ್ಸು ಕೆಟ್ಟು ತಡವಾಗಿ, ಸಂಜೆಗೆ ಹೊಳೆಯ ಬದಿಗೆ ಬರುತ್ತಾಳೆ. ದೋಣಿ ಆಚೆ ದಡದಲ್ಲಿದೆ. ಕೂಗುತ್ತಾಳೆ. ಅಷ್ಟರಲ್ಲಿ ಹಿಂದಿನಿಂದ ಸೈಕಲಿನ ಗಂಟೆ ಕೇಳುತ್ತದೆ. ಅವನು ಕರೆದುಕೊಂಡು ಹೋಗಲು ಬಂದಿದ್ದಾನೆ. ನಾನು ಅಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಎಂದಾಗ ಹೆಂಗಸರೆಲ್ಲ ಒಟ್ಟಿಗೆ ಬೈದರು. “ಇನ್ನೊಮ್ಮೆ ಕೂಗು ಮಗಾ, ದೋಣಿಯವನಿಗೆ ಕೇಳ್ತದೆ,” ಎಂದು ಅಮ್ಮ ಆ ಹುಡುಗಿಗೇ ಬುದ್ಧಿ ಹೇಳಿದಳು.

ಮರುದಿನ ವಾಚನಾಲಯದ ಮುದುಕರು ಬಂದರು. ಕಟ್ಟಡದ ಮಾಡು ಕುಸಿಯುತ್ತಿದೆ, ವಾಚನಾಲಯ ಮುಚ್ಚುತ್ತಿದ್ದೇವೆ, ಹೊರಗಿರುವ ಪುಸ್ತಕಗಳನ್ನೆಲ್ಲ ಕೂಡಿಸುತ್ತಿದ್ದೇನೆ ಎಂದರು. ನನ್ನ ಕೈಯಿಂದಲೇ ಪುಸ್ತಕ ತೆಗೆದುಕೊಂಡು ಹೋದರು.

ಲೀಲಕ್ಕ ಆಗ ಗಂಡನ ಮನೆಯಿಂದ ಬಂದು ತಾಯಿಯ ಹತ್ತಿರ ಇದ್ದಳು. ಮಗು ಶೈಲಾಳನ್ನು ನಮ್ಮ ಜಗಲಿಯ ಮಾಡಿನ ಪಕಾಸಿಗೆ ಕಟ್ಟಿದ ಸೀರೆಯ ತೊಟ್ಟಿಲಲ್ಲಿ ಮಲಗಿಸಿ, ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ತೂಗುತ್ತಾ ಬೀಡಿ ಕಟ್ಟುತ್ತಿದ್ದಳು. ಅವಳ ಎಡಗೈಯ ಮಣಿಗಂಟು ಮುರಿದು, ಸರಿಯಾಗಿ ಕೂಡಿರಲಿಲ್ಲ. ಬಾವಿಕಟ್ಟೆಯಲ್ಲಿ ಬಿದ್ದದ್ದು ಎಂದು ಅವಳು ಹೇಳಿದ್ದಳು. ಯಾರೂ ಎರಡನೆಯ ಪ್ರಶ್ನೆ ಕೇಳಿರಲಿಲ್ಲ. ಊರಿನವರು ಮಾತ್ರ, ಎಷ್ಟು ದಿನ ಅಂತ ಹೀಗೆ, ಹೋಗಬೇಕಲ್ಲ, ಎಂದು ಅವಳ ತಾಯಿಗೆ ಹೇಳುತ್ತಲೇ ಇದ್ದರು.

ಪುಸ್ತಕ ಹೋದ ಅದೇ ವಾರ ಅವಳ ಗಂಡ ಮತ್ತು ಅವನ ಅಣ್ಣ ಬಂದರು. ನೇರ ನಮ್ಮ ಜಗಲಿಗೇ ಬಂದು ಬೆಂಚಿನಲ್ಲಿ ಕೂತರು. ಮನೆಗೆ ಯಾರು ಬಂದರೂ ಮೊದಲು ನೀರು, ಬೆಲ್ಲ ಕೊಡುವುದು ನಮ್ಮ ಕಡೆಯ ಕ್ರಮ. ಅಮ್ಮ ಏಳಲಿಲ್ಲ. ಯಾರೂ ಏಳಲಿಲ್ಲ. ಎಲೆ ಕತ್ತರಿಸುವ ಕತ್ತರಿಯ ಸದ್ದು, ತೊಟ್ಟಿಲಿನ ಹಗ್ಗದ ಸದ್ದು. ಅಣ್ಣ ಗಂಟಲು ಸರಿಮಾಡಿಕೊಂಡು, “ಆದದ್ದು ಆಯಿತು. ಹೊರಡು ಲೀಲಾ. ಐದೂವರೆಯ ಬಸ್ಸಿಗೆ ಹೋಗುವ,” ಎಂದ.

ಲೀಲಕ್ಕ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಬೀಡಿಗೆ ನೂಲು ಸುತ್ತಿ, ತುದಿ ಮಡಚಿ, ಮೊರದಲ್ಲಿಟ್ಟಳು. ಆಮೇಲೆ, “ನಾನು ಬರುವುದಿಲ್ಲ,” ಎಂದಳು.

ಅವರು ತುಂಬ ಹೊತ್ತು ಕೂತರು. ಗಂಡ ಒಮ್ಮೆ ಎದ್ದು ನಿಂತ. ಆಗ ಅಮ್ಮನೂ ಮೊರ ಬದಿಗಿಟ್ಟು ಎದ್ದು ನಿಂತಳು. ಅವನು ಪುನಃ ಕೂತ. ಕೊನೆಗೆ ಇಬ್ಬರೂ ಹೊರಟುಹೋದರು. ಮೊರ ಎತ್ತಿಡುವ ಹೊತ್ತಿಗೆ ಲೀಲಕ್ಕ ಯಾರಿಗೆಂದಿಲ್ಲದೆ, “ಆ ಟೀಚರ್ ದಾಟಿರ್ತಾಳೆ,” ಎಂದಳು. ಬೀಡಿ ಕಟ್ಟಿಯೇ ಅವಳು ಶೈಲಾಳನ್ನು ಬೆಳೆಸಿದಳು. ಶೈಲಾ ಈಗ ಹೊಸಂಗಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ.

ಇಷ್ಟು ನೆನಪಾದ ಮೇಲೆ ಪುಸ್ತಕ ಹುಡುಕದೆ ಇರಲು ಸಾಧ್ಯವೇ? ಲೀಲಕ್ಕನನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಂಪ್ಯೂಟರಿನ ಮುಂದೆ ನನ್ನ ಪಾಂಡಿತ್ಯ ಪ್ರದರ್ಶನ ಶುರುಮಾಡಿದೆ. ‘ಟೀಚರ್’ ಎಂದು ಹಾಕಿದೆ. ಶಿಕ್ಷಕರ ತರಬೇತಿಯ ದಪ್ಪ ದಪ್ಪ ಪುಸ್ತಕಗಳೆಲ್ಲ ಬಂದು ಸಾಲಾಗಿ ನಿಂತವು. ‘ದೋಣಿ’ ಹಾಕಿದರೆ ಮೀನುಗಾರಿಕೆ ಬಂತು. ‘ಸರೋಜಿನಿ’ ಹಾಕಿದರೆ ಯಾರದೋ ಜೀವನಚರಿತ್ರೆ.

“ಹೊಳೆ ಅಂತ ಹಾಕು,” ಎಂದಳು ಲೀಲಕ್ಕ. “ಕತೆಯಲ್ಲಿ ಅಷ್ಟು ದೊಡ್ಡ ಹೊಳೆ ಇಟ್ಟವರು ಹೆಸರಿನಲ್ಲಿ ಇಡದೆ ಇರ್ತಾರಾ?”

ಎಚ್, ಓ, ಎಲ್, ಇ ಎಂದು ಒತ್ತಿದೆ. ಇಂಗ್ಲಿಷಿನಲ್ಲಿ ನಮ್ಮ ಹೊಳೆಯನ್ನು ಹಾಗೆ ಬರೆದರೆ ಅದು ತೂತಾಗುತ್ತದೆ ಎಂಬುದು ಪರದೆ ತುಂಬಿದ ಮೇಲೆಯೇ ನನಗೆ ಹೊಳೆದದ್ದು.

“ಎಂತ ಬಂತು?”

“ಆಕಾಶದಲ್ಲಿ ಇರುವ ಕಪ್ಪು ತೂತುಗಳು. ಫಿಸಿಕ್ಸ್‌ನವರದ್ದು.”

ಲೀಲಕ್ಕ ಪರದೆಯನ್ನು ಸ್ವಲ್ಪ ಹೊತ್ತು ನೋಡಿದಳು. “ಅದರಲ್ಲಿ ಟೀಚರ್ ಇರಲಿಕ್ಕಿಲ್ಲ,” ಎಂದಳು. ನಾನು ಹುಡುಕಿ ಇಡುತ್ತೇನೆಂದು ಮಾತು ಕೊಟ್ಟು ಅವಳನ್ನು ಬಸ್ಸು ಹತ್ತಿಸಿದೆ.

ಸೋಮವಾರ ಬೆಳಗ್ಗೆ ಒಂದು ವಿಷಯ ತಲೆಗೆ ಬಂತು. ಸಿಂಧು ಇದ್ದ ವರ್ಷ ಬಂದ್ಯೋಡಿನ ಆ ವಾಚನಾಲಯದ ಪುಸ್ತಕಗಳನ್ನು ಯಾರೋ ಅಕ್ಕಿಯ ಗೋಣಿಗಳಲ್ಲಿ ತುಂಬಿಸಿ ನಮ್ಮ ಕಾಲೇಜಿಗೆ ದಾನ ಕೊಟ್ಟಿದ್ದರು. ಒಂದೊಂದನ್ನೂ ನಾನೇ ಓದಿ ಹೇಳಿ ಬರೆಸಿದ್ದೆ. ಹಾಗಾದರೆ ಆ ಹೆಸರು ಒಮ್ಮೆ ನನ್ನ ಬಾಯಿಂದಲೇ ಬಂದಿರಬೇಕು! ಸಿಂಧುವಿಗೆ ಫೋನು ಮಾಡಿದೆ.

“ಚೇಚಿ!” ಎಂದು ಕೂಗಿದಳು. ವಿಷಯ ಕೇಳಿದ ಮೇಲೆ ನಗಲು ತೊಡಗಿದಳು. “ಎಚ್, ಓ, ಎಲ್, ಇ ನಾನು ಹಾಕಲೇ ಇಲ್ಲ. ಅಷ್ಟು ಒಳ್ಳೆ ಹೊಳೆಗೆ ತೂತು ಅಂತ ಬರೆಯಲು ಮನಸ್ಸು ಬರಬೇಡವಾ? ಎಲ್ ಆದ ಮೇಲೆ ಕೆಲವು ಸಲ ಎ, ವೈ. ಕೆಲವು ಸಲ ಇ, ವೈ. ಮೂಡ್ ನೋಡಿ ಚೇಚಿ.”

ಎಚ್, ಓ, ಎಲ್, ಮುಂದೆ ನಕ್ಷತ್ರ. ಹೊಲಿಗೆ, ಹೋಲಿಕೆ, ಹೋಳಿ ಹಬ್ಬ ಎಲ್ಲವೂ ಬಂದವು. ದಾನ ಕೊಟ್ಟವರ ಖಾನೆಯಲ್ಲಿ ಬಂದ್ಯೋಡು ಎಂದು ಸೇರಿಸಿದೆ. ಪಟ್ಟಿ ಕುಗ್ಗಿತು. ಒಂದು ಹೊಲಿಗೆ ಪಾಠ, ಅದರ ಕೆಳಗೆ ‘ಹೊಳೆಯಾಚೆಯ ಹಾಜರ್’. ಕಾದಂಬರಿ. ಮಲಯಾಳದಲ್ಲಿ ಹಾಜರಿಗೆ ‘ಹಾಜರ್’ ಎಂದೇ ಹೇಳುವುದು; ಕೊನೆಯ ಇಕಾರವನ್ನು ಸಿಂಧು ಅದಕ್ಕೆ ಬಲಿಕೊಟ್ಟಿದ್ದಳು.

ಕಪಾಟಿನಲ್ಲಿ ಅದು ಗೋಡೆಯ ಬದಿಗೆ, ಯಾರೂ ಕೈಯಿಡದ ಸಾಲಿನಲ್ಲಿ ಇತ್ತು. ತೆರೆದೆ. ಪುಟಗಳ ನಡುವಿನ ಸಂದಿಯಲ್ಲಿ ಕಂದು ಬಣ್ಣದ ಪುಡಿ. ಮೂಗಿನ ಹತ್ತಿರ ಹಿಡಿದೆ. ಹೊಗೆಸೊಪ್ಪು. ನಮ್ಮ ಜಗಲಿಯದೇ ಪ್ರತಿ. ನಿಂತಲ್ಲೇ ಕೊನೆಯ ಅಧ್ಯಾಯಕ್ಕೆ ಹಾರಿದೆ. ಹಾರಿಸಿ ಓದುವುದು ನನಗೆ ಹೊಸತಲ್ಲವಲ್ಲ.

ಸರೋಜಿನಿ ದಾಟುವುದಿಲ್ಲ. ಅವನು ಟ್ರಂಕನ್ನು ಸೈಕಲಿನ ಹಿಂದೆ ಕಟ್ಟುತ್ತಾನೆ. ಇನ್ನು ಕೈಯೆತ್ತುವುದಿಲ್ಲ ಎನ್ನುತ್ತಾನೆ. ಅವಳು ಕಣ್ಣೊರೆಸಿಕೊಂಡು ಅವನ ಹಿಂದೆ ನಡೆಯುತ್ತಾಳೆ. ದೋಣಿಯವನು ಹೊಳೆಯ ನಡುವೆ ಬಂದಾಗ ಈಚೆ ದಡದಲ್ಲಿ ಯಾರೂ ಕಾಣದೆ ದೋಣಿ ತಿರುಗಿಸುತ್ತಾನೆ. ಆಮೇಲೆ ಬಹಳ ಚೆಂದದ ಒಂದು ಸೂರ್ಯಾಸ್ತ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬದುಕಿಡೀ ಲೀಲಕ್ಕ ಆ ಹುಡುಗಿ ದಾಟಿದ್ದಾಳೆಂದೇ ನಂಬಿ ಬದುಕಿದವಳು. ಆ ಒಂದು ಗೆಳತಿಯಾದರೂ ತನ್ನ ‘ಬರುವುದಿಲ್ಲ’ದ ಜೊತೆಗಿದ್ದಾಳೆ ಎಂದುಕೊಂಡವಳು. ಈಗ ಐವತ್ತು ದಾಟಿದ ಮೇಲೆ ಅಕ್ಷರ ಕಲಿತು, ಕೂಡಿಸಿ ಕೂಡಿಸಿ ಓದಿಕೊಂಡು ಹೋಗಿ ತಲುಪಬೇಕಾದದ್ದು ಈ ಪುಟಕ್ಕೇ? ಪುಸ್ತಕವನ್ನು ಚೀಲಕ್ಕೆ ಹಾಕಿ ಮನೆಗೆ ತಂದು ಫ್ರಿಜ್ಜಿನ ಮೇಲಿಟ್ಟೆ. ಸಿಗಲಿಲ್ಲ ಎಂದರೆ ಮುಗಿಯಿತಲ್ಲ? ನಂಬುತ್ತಾಳೆ. ಕಪ್ಪು ತೂತುಗಳನ್ನು ಅವಳೇ ನೋಡಿದ್ದಾಳೆ.

ಸಿಂಧುವಿಗೆ ಪುನಃ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡ ಮೇಲೆ ಅವಳು ಹೇಳಿದಳು.

“ಚೇಚಿ, ಇರುವ ಪುಸ್ತಕವನ್ನು ಇಲ್ಲ ಅಂತ ಹೇಳಬಾರದು. ನಮ್ಮ ಕೆಲಸ ಅಷ್ಟೇ ಅಲ್ಲವಾ?”

“ಅವಳಿಗೆ ನೋವಾದರೆ?”

“ಅವರು ಕಲಿತದ್ದು ತಾವೇ ಓದಬೇಕು ಅಂತ. ಚೇಚಿ ಯಾವ ಕಡೆ ಹಾರಿಸಿದರೂ ಗೊತ್ತಾಗದೆ ಇದ್ದ ಕಾಲ ಹೋಯಿತು.”

ಆದಿತ್ಯವಾರ ಶಿರಿಯಕ್ಕೆ ಹೋಗಿ ಪುಸ್ತಕ ಕೊಟ್ಟೆ. ಲೀಲಕ್ಕ ಎರಡೂ ಕೈಯಲ್ಲಿ ಹಿಡಿದುಕೊಂಡು ಮೊದಲು ಅದರ ತೂಕ ನೋಡಿದಳು. ನಾನು, “ಲೀಲಕ್ಕಾ, ಕೊನೆಯಲ್ಲಿ ಸ್ವಲ್ಪ…” ಎಂದು ಬಾಯಿ ತೆರೆದ ಕೂಡಲೇ ಅವಳು ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದಳು.

“ಹೇಳಬೇಡ. ನಾನು ಓದ್ತೇನೆ.”

ಮಳೆಗಾಲವಿಡೀ ಅವಳು ಓದಿದಳು. ಅಮ್ಮ ಫೋನಿನಲ್ಲಿ ವರದಿ ಕೊಡುತ್ತಿದ್ದಳು. ಸಂಜೆಯಾದರೆ ಪಕ್ಕದ ಮನೆಯಿಂದ ಸರ, ಸರೋ, ಸರೋಜಿನಿ ಎಂದು ಕೇಳುತ್ತದಂತೆ. ಒಮ್ಮೆ ಒಂದೇ ಸಾಲನ್ನು ಸಂಜೆಯಿಡೀ ಓದಿದಳಂತೆ. ಸರೋಜಿನಿ ಬಸ್ಸು ಹತ್ತಿದಳು, ಬಸ್ಸು ಕೆಟ್ಟಿತು, ಬೇರೆ ಬಸ್ಸು ಸಿಕ್ಕಿತು. ಅಮ್ಮನಿಗೆ ಗೋಡೆಯ ಈಚೆಯಿಂದಲೇ ಕತೆ ಪುನಃ ಸಿಗುತ್ತಿತ್ತು. ನಾನು ಮಾತ್ರ ಕೊನೆಗೆ ಇನ್ನೆಷ್ಟು ಪುಟ ಉಳಿಯಿತೆಂದು ಲೆಕ್ಕ ಹಾಕುತ್ತಿದ್ದೆ. ಒಂದು ದಿನ ಅಮ್ಮ, “ನಿನ್ನೆಯಿಂದ ಓದುವ ಸ್ವರ ಇಲ್ಲ. ಕರೆದರೆ, ತಲೆನೋವು ಅಂತ ಹೇಳಿದಳು,” ಎಂದಳು.

ಮುಂದಿನ ಶನಿವಾರ ಲೀಲಕ್ಕ ಲೈಬ್ರರಿಗೆ ಬಂದಳು. ಪುಸ್ತಕವನ್ನು ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು.

“ಓದಿ ಆಯಿತಾ?”

“ಆಯಿತು.”

“ಪೂರ್ತಿ?”

“ಕೊನೆಯದ್ದನ್ನು ಎರಡು ಸಲ.” ಸೆರಗಿನಿಂದ ಮುಖ ಒರೆಸಿಕೊಂಡಳು. “ನಿನಗೆ ಗೊತ್ತಿತ್ತು. ಕೊಡುವಾಗ ನಿನ್ನ ಮುಖ ನೋಡಿದ್ದೆ.”

“ಬೇಜಾರಾಯಿತಾ ಲೀಲಕ್ಕಾ?”

“ಸಿಟ್ಟು ಬಂತು. ಪುಸ್ತಕವನ್ನು ಅಕ್ಕಿಯ ಡಬ್ಬದ ಹಿಂದೆ ಹಾಕಿ ಎರಡು ದಿನ ಮುಟ್ಟಲಿಲ್ಲ. ಇಷ್ಟು ವರ್ಷ ನಾನು ಅವಳನ್ನು ಆಚೆ ದಡದಲ್ಲಿ ಇಟ್ಟಿದ್ದೆ ವನಜಾ. ಅಲ್ಲಿ ಅವಳಿಗೆ ಒಂದು ಮನೆ ಉಂಟು, ಮಕ್ಕಳಿಗೆ ಪಾಠ ಮಾಡ್ತಾಳೆ, ಒಂದು ಆಡು ಸಾಕಿದ್ದಾಳೆ. ಎಲ್ಲ ಸುಳ್ಳಾಯಿತಲ್ಲ ಅಂತ.” ಅವಳು ಕನ್ನಡ ಬಿಟ್ಟು ತುಳುವಿಗೆ ಇಳಿದದ್ದು ನನಗೆ ಗೊತ್ತೇ ಆಗಲಿಲ್ಲ. “ಮತ್ತೆ ಪುನಃ ಮೊದಲಿನಿಂದ ನೋಡಿದೆ. ಮನೆಯಿಂದ ಹೊರಟಲ್ಲಿಂದ ಹೊಳೆಯವರೆಗೆ ಅವಳು ಒಬ್ಬಳೇ. ದಾರಿಯಲ್ಲಿ ಒಂದು ಹೆಂಗಸು ಇಲ್ಲ. ಬಸ್ಸಿನಲ್ಲೂ ಇಲ್ಲ. ಬರೆದವರು ಒಬ್ಬಳನ್ನೂ ಇಡಲಿಲ್ಲ. ಒಂದು ನರಪಿಳ್ಳೆ ಪಕ್ಕದಲ್ಲಿ ಇಲ್ಲದೆ ಅವನು ಬಂದು ನಿಂತರೆ ಆ ಹುಡುಗಿ ಎಂತ ಮಾಡಬೇಕು ಹೇಳು?”

“ಪಾಪ ಅವಳು,” ಎಂದಳು ಲೀಲಕ್ಕ. “ನನಗಾದರೆ ನೀವೆಲ್ಲ ಇದ್ದಿರಿ.”

ಓರೆಯಾಗಿ ಕೂಡಿದ ಆ ಮಣಿಗಂಟಿನ ಕೈಯನ್ನು ಪುಸ್ತಕದ ಮೇಲಿಟ್ಟು ಅವಳು ಮೆಲ್ಲಗೆ ಒಮ್ಮೆ ತಟ್ಟಿದಳು, ಮಲಗಿದ ಮಗುವನ್ನು ತಟ್ಟುವ ಹಾಗೆ. ಆಮೇಲೆ ಎದ್ದು, ಬಸ್ಸಿಗೆ ಹೊತ್ತಾಯಿತು ಎಂದಳು. ನಾನು ಸಹಾಯಕಿಗೆ ಬೀಗದ ಕೈ ಕೊಟ್ಟು, ಅರ್ಧ ದಿನದ ರಜೆ ಹೇಳಿ, ಅವಳ ಜೊತೆ ಸ್ಟ್ಯಾಂಡಿಗೆ ನಡೆದೆ. ಬಸ್ಸು ಬಂದಾಗ ಅವಳ ಹಿಂದೆಯೇ ಹತ್ತಿದೆ.

“ನೀನೆಲ್ಲಿಗೆ?” ಎಂದು ಕೇಳಿದಳು ಲೀಲಕ್ಕ.

“ಸುಮ್ಮನೆ, ನಿನ್ನೊಟ್ಟಿಗೆ,” ಎಂದೆ. ಅವಳು ಕಿಟಕಿಯ ಬದಿಗೆ ಸರಿದು ನನಗೆ ಜಾಗ ಕೊಟ್ಟಳು.